ಇಬ್ಬರ ಹೆಸರಿಗೂ ಕಾಗದ ಇರಲಿ

ಪುಟ್ಟಿ, ನಿನ್ನ ಯಜಮಾನರು ಚಿಯಾಂಗ್ ಮಾಯ್ ಅನ್ನುತ್ತಿದ್ದಾರೆ, ನೀನು ಮಗಳಿರುವ ಟೊರಾಂಟೊ ಅನ್ನುತ್ತಿದ್ದೀಯ. ಎಲ್ಲಿಗಾದರೂ ಹೋಗಿ, ಬೇಡ ಅನ್ನುವವಳು ನಾನಲ್ಲ. ಅರವತ್ತು ದಾಟಿದ ಮೇಲೆ ಗಂಡ ಹೆಂಡತಿ ಜೊತೆಯಾಗಿ ಹೊಸ ಊರಿನಲ್ಲಿ ನಾಲ್ಕು ದಿನ ನೆಮ್ಮದಿಯಾಗಿರುವುದಕ್ಕಿಂತ ಒಳ್ಳೆಯದು ಏನಿದೆ? ಆದರೆ ಏಜೆಂಟ್ ಕೊಟ್ಟ ಫಾರಂಗೆ ಸಹಿ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿಕೋ. ಬೇಜಾರು ಮಾಡಿಕೊಳ್ಳಬೇಡ, ಇದನ್ನು ಏಜೆಂಟ್ ಕೇಳುವುದಿಲ್ಲ, ಸೋದರತ್ತೆಯಾದ ನಾನೇ ಕೇಳಬೇಕು. ಇಬ್ಬರಲ್ಲಿ ಒಬ್ಬರು ಅಲ್ಲೇ ಕಣ್ಣು ಮುಚ್ಚಿದರೆ, ಉಳಿದವರು ಯಾವ ಕಾಗದದ ಮೇಲೆ ಆ ದೇಶದಲ್ಲಿರುತ್ತಾರೆ?

ಬ್ಯಾಂಕಿನ ಪಿಂಚಣಿ ಕೌಂಟರಿನಲ್ಲಿ ಕೂತವಳು ನಾನು. ಹಲಸೂರು, ಕಾಕ್ಸ್ ಟೌನ್, ಶಿವಾಜಿನಗರದಿಂದ ಬರುತ್ತಿದ್ದ ಎಷ್ಟೋ ಹೆಂಗಸರಿಗೆ ತೀರಿಕೊಂಡ ಗಂಡನ ಠೇವಣಿ ಯಾವ ಶಾಖೆಯಲ್ಲಿದೆ ಅನ್ನುವುದೂ ತಿಳಿದಿರುತ್ತಿರಲಿಲ್ಲ. ಇಲ್ಲಿಯಾದರೆ ಕನ್ನಡದಲ್ಲೋ ತಮಿಳಿನಲ್ಲೋ ಉರ್ದುವಿನಲ್ಲೋ ಸಮಾಧಾನ ಹೇಳಿ ಫಾರಂ ತುಂಬಿಕೊಡುವವರು ಸಿಗುತ್ತಾರೆ. ಪರದೇಶದ ವಲಸೆ ಕಚೇರಿಯಲ್ಲಿ ಆ ಸ್ಥಿತಿಯಲ್ಲಿ ನಿನ್ನನ್ನು ನೆನೆಸಿಕೊಂಡರೆ ನನಗೆ ನಿದ್ದೆ ಬರುವುದಿಲ್ಲ.

ಥಾಯ್ಲೆಂಡಿನ ಲೆಕ್ಕ ಹೇಳುತ್ತೇನೆ ಕೇಳು. ಐವತ್ತು ತುಂಬಿದವರಿಗೆ ನಿವೃತ್ತಿ ವೀಸಾ ಕೊಡುತ್ತಾರೆ. 8 ಲಕ್ಷ ಬಾತ್ ಠೇವಣಿ ತೋರಿಸಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ. ಠೇವಣಿಯೇ ನಮ್ಮ ದುಡ್ಡಿನಲ್ಲಿ ಇಪ್ಪತ್ತು ಲಕ್ಷ ದಾಟುತ್ತದೆ. ಗಂಡ ಮುಖ್ಯ ಅರ್ಜಿದಾರ, ಹೆಂಡತಿ ಮದುವೆ ಪ್ರಮಾಣಪತ್ರ ತೋರಿಸಿ ಅವನ ಅವಲಂಬಿತೆ: ಏಜೆಂಟರು ಮಾಡಿಸುವುದು ಸಾಮಾನ್ಯವಾಗಿ ಹೀಗೆ, ಏಕೆಂದರೆ ಒಂದೇ ಠೇವಣಿ ಸಾಕು. ಆದರೆ ಆ ಮುಖ್ಯ ಅರ್ಜಿದಾರ ಹೋದ ದಿನವೇ ಅವಲಂಬಿತೆಯ ವೀಸಾಕ್ಕೆ ಆಧಾರವೂ ಹೋಗುತ್ತದೆ. ಠೇವಣಿ ಅವರೊಬ್ಬರ ಹೆಸರಿನಲ್ಲಿದ್ದರೆ ಅಲ್ಲಿನ ಬ್ಯಾಂಕು ಅದನ್ನು ತಡೆಹಿಡಿದು ಅಲ್ಲಿನ ಕೋರ್ಟಿನ ಆದೇಶ ಕೇಳುತ್ತದೆ. ಸೂತಕದ ಮನೆಯಲ್ಲಿ ವೀಸಾಕ್ಕೂ ದುಡ್ಡಿಗೂ ಒಟ್ಟಿಗೇ ಓಡಾಡಬೇಕು.

ಮಲೇಷ್ಯಾದ 'ಸೆಕೆಂಡ್ ಹೋಮ್' ಯೋಜನೆಯಲ್ಲೂ ಗಂಡನೋ ಹೆಂಡತಿಯೋ ಒಬ್ಬರು ಅವಲಂಬಿತರಾಗಿಯೇ ಸೇರುವುದು. ಅಲ್ಲಂತೂ ಸಿಲ್ವರ್ ದರ್ಜೆಗೇ ಒಂದೂವರೆ ಲಕ್ಷ ಡಾಲರ್ ಠೇವಣಿ, ಮೇಲೊಂದು ಮನೆ ಖರೀದಿ. ಅದು ನಮ್ಮಂಥವರಿಗಲ್ಲ, ಬಿಡು.

ಹಾಗಾಗಿ ನನ್ನ ಮಾತು ಇಷ್ಟೇ: ಕೈಲಾದರೆ ಇಬ್ಬರೂ ಅವರವರ ಹೆಸರಿನಲ್ಲೇ ಅರ್ಜಿ ಹಾಕಿ. ಎರಡು ಠೇವಣಿಗೆ ದುಡ್ಡು ಸಾಲದಿದ್ದರೆ ಮುಖ್ಯ ಅರ್ಜಿದಾರಳು ನೀನಾಗು. ನಗಬೇಡ. ನಿನ್ನ ಯಜಮಾನರು ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಜೀವನ ಸವೆಸಿದವರು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅವರಿಗೆ ಬರುವುದು ಪಿಎಫ್ ಕಚೇರಿಯ ಇಪಿಎಸ್-95 ಪಿಂಚಣಿ, ಕೆಲವೇ ಸಾವಿರ. ಅವರಿಲ್ಲವಾದರೆ ನಿನಗೆ ಸಿಗುವುದು ಅದರ ಅರ್ಧ. ನೀನು 2006ರ ಏಪ್ರಿಲ್‌ಗೆ ಮುಂಚೆ ಸೇರಿದ ಸರ್ಕಾರಿ ಶಾಲೆಯ ಮೇಷ್ಟ್ರಮ್ಮ. ಹಳೆಯ ಪಿಂಚಣಿ, ತುಟ್ಟಿಭತ್ಯೆ ಸಮೇತ, ಬದುಕಿರುವ ತನಕ. ಯಾವ ದೇಶದ ಅಧಿಕಾರಿಯಾದರೂ ನಂಬುವುದು ಆ ಪಿಂಚಣಿ ಆದೇಶವನ್ನು. ಈ ಮಾತನ್ನು ಅವರಿಗೆ ಹೇಳುವುದು ನಿನಗೆ ಕಷ್ಟವಾದರೆ ನಾನೇ ಹೇಳುತ್ತೇನೆ.

ಇನ್ನು ಮದುವೆಯ ಕಾಗದ. 1989ರಲ್ಲಿ ಹಲಸೂರಿನ ಛತ್ರದಲ್ಲಿ ಆದ ಮದುವೆಯನ್ನು ಯಾರು ನೋಂದಾಯಿಸಿದರು? ಊರಿಗೆಲ್ಲ ಗೊತ್ತಿದ್ದರೆ ಸಾಕಿತ್ತು. ಪರದೇಶದವರಿಗೆ ಸಾಲದು. ಈಗಲೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬಹುದು, ಕಾವೇರಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಲಗ್ನಪತ್ರಿಕೆ, ಮದುವೆಯ ಫೋಟೊ, ಮೂವರು ಸಾಕ್ಷಿಗಳು ಬೇಕು. ಧಾರೆ ಎರೆಯುವಾಗ ಪಕ್ಕದಲ್ಲೇ ನಿಂತಿದ್ದವಳು ನಾನು, ಮೊದಲ ಸಾಕ್ಷಿ ನನ್ನದೇ ಆಗಲಿ. ನಿನ್ನ ಗೆಳತಿಯರಿಗೂ ಹೇಳು. ಚರ್ಚಿನಲ್ಲಿ ಮದುವೆಯಾದವರು ಆ ಚರ್ಚಿನ ದಾಖಲೆಪುಸ್ತಕದಿಂದ ದೃಢೀಕೃತ ಪ್ರತಿ ತೆಗೆಸಲಿ. ಶಿವಾಜಿನಗರದ ಕಡೆಯ ಮುಸ್ಲಿಂ ಕುಟುಂಬಗಳು ಬರೀ ನಿಕಾಹ್‌ನಾಮಾ ನಂಬಿಕೊಂಡು ಹೊರಡದೆ, ಸರ್ಕಾರಿ ನೋಂದಣಿಯನ್ನೂ ಮಾಡಿಸಿಕೊಳ್ಳಲಿ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್. ಅಪೊಸ್ಟೀಲ್ ಒಪ್ಪಂದ ಭಾರತಕ್ಕೆ ಜಾರಿಯಾದದ್ದು 2005ರಲ್ಲಿ. ಪೋರ್ಚುಗಲ್‌ನಂಥ ಸದಸ್ಯ ದೇಶಕ್ಕೆ ಅಷ್ಟು ಸಾಕು, ಒಪ್ಪಂದದಲ್ಲಿಲ್ಲದ ದೇಶವಾದರೆ ಅಪೊಸ್ಟೀಲ್ ಬದಲು ಸಚಿವಾಲಯದ ಸಾಮಾನ್ಯ ದೃಢೀಕರಣ, ಜೊತೆಗೆ ಆ ದೇಶದ ರಾಯಭಾರ ಕಚೇರಿಯ ಮೊಹರು ಬೇಕು.

ಇದೆಲ್ಲಕ್ಕಿಂತ ಮೊದಲು ಹೆಸರು ಸರಿಮಾಡಿಕೋ. ನಿನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರೂ ಸೇರಿಕೊಂಡಿದೆ. ನಮಗೆ ಮೂವರೂ ಒಬ್ಬಳೇ, ವೀಸಾ ಅಧಿಕಾರಿಗೆ ಮೂವರು ಹೆಂಗಸರು. ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಮದುವೆ ಪ್ರಮಾಣಪತ್ರದಲ್ಲೂ ಬರಲಿ, ನಿಮ್ಮಲ್ಲಿ ಒಬ್ಬರ ಪಾಸ್‌ಪೋರ್ಟಿನಲ್ಲಿ ಇನ್ನೊಬ್ಬರ ಹೆಸರು ಇರಲಿ. ಇದಕ್ಕೆ ಹತ್ತಿರದ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಬೇಕು. ಪೊಲೀಸ್ ಕ್ಲಿಯರೆನ್ಸ್‌ಗೂ ಅಲ್ಲಿಗೇ ಹೋಗಬೇಕು, ಒಂದೇ ಓಡಾಟದಲ್ಲಿ ವಿಚಾರಿಸಿಕೊಂಡು ಬಾ.

ದುಡ್ಡು ಕಳಿಸುವಾಗಲೂ ಇಬ್ಬರ ಹೆಸರನ್ನು ಬಳಸು. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಮಿತಿ ಇರುವುದು ತಲೆಗೆ, ಮನೆಗಲ್ಲ. 2025ರ ಏಪ್ರಿಲ್‌ನಿಂದ ಹತ್ತು ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಶೇ. 20ರಷ್ಟು ಟಿಸಿಎಸ್ ಅನ್ನುವ ತೆರಿಗೆ ಹಿಡಿಯುತ್ತಾರೆ. ಆ ಹತ್ತು ಲಕ್ಷವೂ ಒಬ್ಬೊಬ್ಬರಿಗೆ ಬೇರೆ ಬೇರೆ. ಹಿಡಿದದ್ದು ರಿಟರ್ನ್ಸ್ ಹಾಕಿದಾಗ ತೆರಿಗೆಗೆ ವಜಾ ಆಗುತ್ತದೆ, ಹೆಚ್ಚಿದ್ದರೆ ವಾಪಸು ಬರುತ್ತದೆ, ಆದರೆ ಅಲ್ಲಿಯ ತನಕ ದುಡ್ಡು ಸಿಕ್ಕಿಕೊಂಡಿರುತ್ತದೆ. ವರ್ಷದ ಬಹುಪಾಲು ಹೊರಗಿದ್ದು ಅನಿವಾಸಿಗಳಾದರೆ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸ ಖಾತೆ ತೆರೆಯುವ ಹಾಗಿಲ್ಲ. ನಿಮ್ಮ ಮನೆಯ ಮೇಲಂತಸ್ತಿನ ಬಾಡಿಗೆದಾರ ನಿಮಗೆ ಕೊಡುವ ಬಾಡಿಗೆಯಲ್ಲಿ ಶೇ. 30ಕ್ಕೂ ಹೆಚ್ಚು ತೆರಿಗೆ ಮುರಿದುಕೊಳ್ಳಬೇಕು. ಥಾಯ್ಲೆಂಡಿನಲ್ಲೂ ವರ್ಷಕ್ಕೆ 180 ದಿನ ಇದ್ದವರು ಅಲ್ಲಿಗೆ ತರಿಸಿಕೊಂಡ ಆದಾಯಕ್ಕೆ 2024ರಿಂದ ಲೆಕ್ಕ ಒಪ್ಪಿಸಬೇಕು. ಒಬ್ಬ ಆಡಿಟರ್‌ಗೆ ಫೀಸು ಕೊಟ್ಟು ಕೇಳುವುದು ಈ ವಿಷಯಕ್ಕೆ. ಜೀವಂತ ಪ್ರಮಾಣಪತ್ರವನ್ನು ಮಾತ್ರ ಮರೆಯಬೇಡಿ, ಪಿಂಚಣಿ ನಿಂತುಹೋಗುತ್ತದೆ.

ನಮ್ಮ ದಂಡು ಪ್ರದೇಶದವರಿಗೆ ಕಡಲು ದಾಟುವುದು ಹೊಸದಲ್ಲ. 1947ರ ನಂತರ ಕುಕ್ ಟೌನ್, ರಿಚರ್ಡ್ಸ್ ಟೌನಿನ ಎಷ್ಟೋ ಆಂಗ್ಲೋ-ಇಂಡಿಯನ್ ಮನೆಗಳು ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ ಹೊರಟವು. ಅವರು ಹೋದದ್ದು ನೆಲೆ ನಿಲ್ಲುವುದಕ್ಕೆ, ಮಕ್ಕಳು ಮರಿ ಸಮೇತ. ನಿಮಗೆ ಸಿಗುವುದು ಅದಲ್ಲ. ಥಾಯ್ಲೆಂಡಿನ ಈ ವೀಸಾ ವರ್ಷ ವರ್ಷ ನವೀಕರಿಸುವ ಅನುಮತಿ, ತೊಂಬತ್ತು ದಿನಕ್ಕೊಮ್ಮೆ ಎಲ್ಲಿದ್ದೀರಿ ಅಂತ ವರದಿ ಕೊಡಬೇಕಾದದ್ದು. ವಯಸ್ಸಾದಷ್ಟೂ ಆರೋಗ್ಯ ವಿಮೆ ದುಬಾರಿ, ಎಪ್ಪತ್ತೈದರ ಮೇಲೆ ಹೊಸದು ಸಿಗುವುದೇ ಕಷ್ಟ. ಒ-ಎ ಬಗೆಯ ನಿವೃತ್ತಿ ವೀಸಾಕ್ಕೆ ಕೇಳುವುದು 30 ಲಕ್ಷ ಬಾತ್ ವಿಮೆ.

ನಿನ್ನ ಟೊರಾಂಟೊದ ಮಾತಿಗೆ ಬಂದರೆ, ಕೆನಡಾದ ಸೂಪರ್ ವೀಸಾ ನನಗೆ ಹೆಚ್ಚು ಹಿಡಿಸುತ್ತದೆ. ಅಪ್ಪನಿಗೊಂದು, ಅಮ್ಮನಿಗೊಂದು, ಬೇರೆ ಬೇರೆ ವೀಸಾ. ಒಮ್ಮೆ ಹೋದರೆ ಐದು ವರ್ಷದ ತನಕ ಇರಬಹುದು. ಮಗಳ ಆದಾಯ ನಿಗದಿಯಷ್ಟಿರಬೇಕು, ಒಬ್ಬೊಬ್ಬರಿಗೂ ಒಂದು ಲಕ್ಷ ಕೆನಡಾ ಡಾಲರಿನ ವಿಮೆ ಬೇಕು. ಒಬ್ಬರಿಗೆ ಏನಾದರೂ ಇನ್ನೊಬ್ಬರ ಕಾಗದ ಹಾಗೇ ಇರುತ್ತದೆ, ಪಕ್ಕದಲ್ಲಿ ಮಗಳೂ ಇರುತ್ತಾಳೆ. ಚಳಿಯನ್ನು ತಡೆದುಕೊಳ್ಳಬೇಕು, ಅಷ್ಟೇ.

ಯಜಮಾನರಿಗೆ ಚಿಯಾಂಗ್ ಮಾಯ್ ಬೇಕೇ ಬೇಕಾದರೆ ಮೊದಲು ಪ್ರವಾಸಿಗಳಾಗಿ ಹೋಗಿ ನೋಡಿ, ಡಿಸೆಂಬರಿನಲ್ಲಲ್ಲ, ಮಾರ್ಚಿನಲ್ಲಿ. ಸುತ್ತಲಿನ ಹೊಲ ಕಾಡು ಉರಿದು ಊರೆಲ್ಲ ಹೊಗೆ ತುಂಬುವ ಕಾಲ ಅದು. ಅವರ ಉಬ್ಬಸಕ್ಕೆ ಅದು ಆಗಿಬರುತ್ತದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಹೊರಡುವ ಮುಂಚೆ ಇಬ್ಬರೂ ಉಯಿಲು ಬರೆದು ನೋಂದಾಯಿಸಿ. ನಿಮ್ಮ ಮಗನ ಹೆಸರಿಗೆ ಅಧಿಕಾರಪತ್ರವನ್ನು ಇಲ್ಲೇ ಮಾಡಿಕೊಡಿ. ಅಲ್ಲಿಂದ ಕಳಿಸಿದರೆ ಅಲ್ಲಿನ ದೃಢೀಕರಣ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಅಂತ ತಾಪತ್ರಯ. ಮನೆಯ ಇ-ಖಾತೆ ಮಾಡಿಸಿಡಿ. ಆದರೆ ಇಂದಿರಾನಗರದ ಮನೆ ಮಾರಿ ಠೇವಣಿ ಕಟ್ಟುವ ಯೋಚನೆ ಮಾತ್ರ ಬೇಡ. ಮೇಲಿನದ್ದು ಬಾಡಿಗೆಗೇ ಇರಲಿ, ಕೆಳಗಿನದ್ದಕ್ಕೆ ಬೀಗ ಹಾಕಿ ಒಂದು ಬೀಗದಕೈ ನನ್ನ ಹತ್ತಿರ ಇಡಿ. ತಿಂಗಳಿಗೊಮ್ಮೆ ಕಿಟಕಿ ತೆಗೆದು ಗಾಳಿಯಾಡಿಸುತ್ತೇನೆ.