ಬಾಗಿಲು ಮುಚ್ಚಿದಾಗ ಮನೆಯಲ್ಲಿ ಪ್ರಾರ್ಥನೆ: ಯಾತ್ರಿಕರಿಗೊಂದು ಪಾಠ

ಬೆಟ್ಟ ಹತ್ತಿ ಬರುವ ಭಕ್ತಾದಿಗಳ ಬಾಯಲ್ಲಿ ಕೊರೋನಾ ಕಾಲದ ಮೂರು ಮಾತುಗಳು ಇನ್ನೂ ಕೇಳಿಬರುತ್ತವೆ. "ಆ ವರ್ಷ ಹರಕೆ ತೀರಿಸೋಕೆ ಆಗಲಿಲ್ಲ, ದೋಷ ತಗುಲಿತೇನೋ" ಅಂತ ಕೆಲವರು. "ನಮ್ಮ ತಂದೆ ಆಸ್ಪತ್ರೆಯಲ್ಲೇ ತೀರಿಕೊಂಡರು. ಫಾದರ್ ಬಂದು ತೈಲ ಹಚ್ಚೋಕೆ ಆಗಲಿಲ್ಲ. ಅವರ ಆತ್ಮದ ಗತಿ ಏನು?" ಅಂತ ಇನ್ನು ಕೆಲವರು. "ಈಗ ಮೊಬೈಲಿನಲ್ಲೇ ಪೂಜೆ ಬರುತ್ತಲ್ಲ, ಚರ್ಚಿಗೆ ಹೋಗಲೇಬೇಕಾ?" ಅಂತ ಕೇಳುವವರೂ ಉಂಟು.

ಈ ಮೂರಕ್ಕೂ ಧರ್ಮಸಭೆಯ ಬೋಧನೆಯಲ್ಲಿ ಉತ್ತರ ಇದೆ. ಮೊದಲನೆಯ ಇಬ್ಬರು ಸುಮ್ಮನೆ ಭಯಪಡುತ್ತಿದ್ದಾರೆ. ಮೂರನೆಯವರು ಸುಮ್ಮನೆ ಉದಾಸೀನ ಮಾಡುತ್ತಿದ್ದಾರೆ. ಬಾಗಿಲು ಮುಚ್ಚಿದ್ದಾಗ ಮನೆಯಲ್ಲಿ ಮಾಡಿದ ಪ್ರಾರ್ಥನೆ ಕೀಳಾದದ್ದಲ್ಲ. ಬಾಗಿಲು ತೆರೆದ ಮೇಲೆ ಅದು ದೇವಾಲಯಕ್ಕೆ ಬದಲಿಯೂ ಅಲ್ಲ. ಇಷ್ಟು ಮನಸ್ಸಿಗೆ ಬಂದರೆ ಈ ಪಾಠ ಓದಿದ್ದು ಸಾರ್ಥಕ.

೧. ಆ ವರ್ಷ ನಡೆದದ್ದು

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ರೋಗವನ್ನು ಜಗತ್ತಿಗೇ ಹರಡಿದ ಸಾಂಕ್ರಾಮಿಕ ಎಂದು ಹೇಳಿತು. ನಮ್ಮ ದೇಶದಲ್ಲಿ ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 25ರಿಂದ ಲಾಕ್‌ಡೌನ್. ಅದು ತಪಸ್ಸುಕಾಲ. ಏಪ್ರಿಲ್ 5ರ ಗರಿಗಳ ಭಾನುವಾರ, 10ರ ಶುಭ ಶುಕ್ರವಾರ, 12ರ ಪಾಸ್ಕ ಹಬ್ಬ ಎಲ್ಲವೂ ಮುಚ್ಚಿದ ಬಾಗಿಲ ಹಿಂದೆಯೇ ಕಳೆದವು. ದೇವಾಲಯಗಳು ಮತ್ತೆ ತೆರೆಯಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟದ್ದು ಜೂನ್ 8ರಿಂದ. 2021ರ ಏಪ್ರಿಲ್, ಮೇ ತಿಂಗಳ ಎರಡನೇ ಅಲೆಯಲ್ಲಿ ಮತ್ತೆ ಬಾಗಿಲು ಹಾಕಬೇಕಾಯಿತು.

ರೋಮಿನಲ್ಲೂ ಅದೇ ಕಥೆ. ಪವಿತ್ರ ವಾರದ ಪೂಜೆಗಳನ್ನು ಗುರುಗಳು ಜನರಿಲ್ಲದೆ ಮಾಡಬಹುದು, ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಯನ್ನು ಆ ವರ್ಷ ಬಿಡಬೇಕು ಎಂದು ವ್ಯಾಟಿಕನ್ ಆಜ್ಞೆ ಹೊರಡಿಸಿತು. ಮಾರ್ಚ್ 27ರ ಸಂಜೆ ಆಗಿನ ಜಗದ್ಗುರು ಪೋಪ್ ಫ್ರಾನ್ಸಿಸ್ ಅವರು ಸಂತ ಪೇತ್ರರ ಚೌಕದಲ್ಲಿ ನಿಂತು ಪ್ರಾರ್ಥಿಸಿದರು. ಮಳೆ ಬರುತ್ತಿತ್ತು, ಎದುರಿಗೆ ಜನ ಇರಲಿಲ್ಲ. ಓದಿದ ಶುಭಸಂದೇಶ ಮಾರ್ಕನ ನಾಲ್ಕನೇ ಅಧ್ಯಾಯದ್ದು: ಬಿರುಗಾಳಿಯಲ್ಲಿ ದೋಣಿ ಹೊಯ್ದಾಡುತ್ತಿದ್ದರೂ ಪ್ರಭು ಮಲಗಿದ್ದ ಪ್ರಸಂಗ. ಅಲ್ಲಿಟ್ಟಿದ್ದ ಶಿಲುಬೆ 1522ರಲ್ಲಿ ರೋಮಿಗೆ ಪ್ಲೇಗು ಬಂದಾಗ ಬೀದಿಬೀದಿ ಮೆರವಣಿಗೆ ಮಾಡಿದ್ದ ಶಿಲುಬೆಯೇ.

ಯಾತ್ರಾಸ್ಥಳಗಳಿಗೂ ವಿನಾಯಿತಿ ಇರಲಿಲ್ಲ. ಫ್ರಾನ್ಸ್ ದೇಶದ ಲೂರ್ದು ಪುಣ್ಯಕ್ಷೇತ್ರವನ್ನೂ 2020ರ ಮಾರ್ಚ್ ತಿಂಗಳಲ್ಲಿ ಯಾತ್ರಿಕರಿಗೆ ಮುಚ್ಚಿದರು. ಆದರೆ ಅಲ್ಲಿಯ ಗುರುಗಳು ಗವಿಯ ಮುಂದೆ ಪ್ರಾರ್ಥನೆ ನಿಲ್ಲಿಸಲಿಲ್ಲ. ಬರಲಾಗದ ಯಾತ್ರಿಕರ ಪರವಾಗಿ ಪ್ರಾರ್ಥಿಸಿದರು. ಅದು ಟಿ.ವಿ. ಮೂಲಕ ಲೋಕದ ಮನೆಮನೆಗೂ ಹೋಯಿತು. ಯಾತ್ರಿಕನ ಕಾಲು ನಿಂತರೂ ಯಾತ್ರೆ ನಿಲ್ಲಲಿಲ್ಲ ಎನ್ನಬಹುದು.

೨. ಪವಿತ್ರ ಗ್ರಂಥದಲ್ಲಿ ಮನೆಯ ಪ್ರಾರ್ಥನೆ

ಮನೆಯಲ್ಲಿ ಆರಾಧನೆ ಎಂಬುದು ಕೊರೋನಾ ಬಂದಾಗ ಕಂಡುಹಿಡಿದ ಹೊಸ ಪದ್ಧತಿ ಅಲ್ಲ.

ವಿಮೋಚನಾಕಾಂಡ 12: ಮೊದಲ ಪಾಸ್ಕ ನಡೆದದ್ದು ದೇವಾಲಯದಲ್ಲಲ್ಲ, ಮನೆಗಳಲ್ಲಿ. ಬೆಳಗಾಗುವ ತನಕ ಯಾರೂ ಹೊಸ್ತಿಲು ದಾಟಬಾರದು ಎಂದು ಮೋಶೆ ಕಟ್ಟಪ್ಪಣೆ ಮಾಡಿದ್ದ.

ದಾನಿಯೇಲ 6: ಜೆರುಸಲೇಮಿನ ದೇವಾಲಯದಿಂದ ದೂರ, ಪರದೇಶದಲ್ಲಿದ್ದ ದಾನಿಯೇಲ ಮಾಳಿಗೆಯ ಕಿಟಕಿ ತೆರೆದು ಆ ದಿಕ್ಕಿಗೆ ಮುಖಮಾಡಿ ದಿನಕ್ಕೆ ಮೂರು ಸಾರಿ ಮೊಣಕಾಲೂರುತ್ತಿದ್ದ.

ಮತ್ತಾಯ 6: ಕೋಣೆಗೆ ಹೋಗಿ ಬಾಗಿಲು ಮುಚ್ಚಿ ತಂದೆಗೆ ಪ್ರಾರ್ಥಿಸಿರಿ ಎಂದು ಕಲಿಸಿದವರು ಸ್ವತಃ ಯೇಸುಸ್ವಾಮಿ.

ಯೊವಾನ್ನ 20: ಪುನರುತ್ಥಾನದ ದಿನ ಶಿಷ್ಯರು ಹೆದರಿ ಕದ ಹಾಕಿಕೊಂಡು ಕುಳಿತಿದ್ದರು. ಪ್ರಭು ಅಲ್ಲಿಗೇ ಬಂದು ಶಾಂತಿ ಹೇಳಿದರು. ಎಂಟು ದಿನ ಬಿಟ್ಟು ಮತ್ತೆ ಬಂದಾಗಲೂ ಕದ ಹಾಕಿಯೇ ಇತ್ತು.

ಪ್ರೇಷಿತರ ಕಾಲದಲ್ಲಿ ಭಕ್ತರು ಮನೆಗಳಲ್ಲೇ ರೊಟ್ಟಿ ಮುರಿಯುತ್ತಿದ್ದರು. ಪ್ರಿಸ್ಸಿಲ, ಅಕ್ವಿಲ ಎಂಬ ದಂಪತಿಗಳ ಮನೆಯಲ್ಲಿ ಸಭೆ ಸೇರುತ್ತಿತ್ತು ಎಂದು ಪೌಲರು ರೋಮನರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಸಿರಿಯಾ ದೇಶದ ಡೂರಾ ಯೂರೋಪೋಸ್ ಎಂಬಲ್ಲಿ ನೆಲ ಅಗೆದಾಗ ಮೂರನೇ ಶತಮಾನದ ಒಂದು ವಾಸದ ಮನೆ ಸಿಕ್ಕಿತು. ಅದನ್ನೇ ಪ್ರಾರ್ಥನೆಗೆ ಮಾರ್ಪಾಟು ಮಾಡಿ, ಸ್ನಾನದೀಕ್ಷೆಗೆ ಒಂದು ಕೋಣೆ ಮಾಡಿದ್ದರು. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೊರಡಿಸಿದ ದಾಖಲೆಯೊಂದರಲ್ಲಿ ಕುಟುಂಬವನ್ನು 'ಮನೆಯ ಧರ್ಮಸಭೆ' ಎಂದು ಕರೆದು, ತಂದೆತಾಯಿಯರೇ ಮಕ್ಕಳಿಗೆ ಮೊದಲ ಬೋಧಕರು ಎಂದು ತಿಳಿಸಿದೆ.

೩. ಮಿಲಾನ್ ಪಟ್ಟಣದ ಪಾಠ

1576ರಲ್ಲಿ ಇಟಲಿಯ ಮಿಲಾನ್ ಪಟ್ಟಣಕ್ಕೆ ಪ್ಲೇಗು ಬಂತು. ಅಲ್ಲಿ ಮಹಾಧರ್ಮಾಧ್ಯಕ್ಷರಾಗಿದ್ದವರು ಸಂತ ಚಾರ್ಲ್ಸ್ ಬೊರೋಮಿಯೊ. ದೊಡ್ಡವರು ಅನೇಕರು ಊರು ಬಿಟ್ಟರು, ಅವರು ಬಿಡಲಿಲ್ಲ. ಜನ ಮನೆಯಿಂದ ಹೊರಗೆ ಬರಬಾರದು ಎಂಬ ಕಟ್ಟಳೆ ಬಂದಾಗ ಅದನ್ನು ಮುರಿಯಿರಿ ಅಂತ ಅವರು ಹೇಳಲಿಲ್ಲ. ಬದಲಿಗೆ ಬೀದಿಗಳು ಕೂಡುವ ಕಡೆ ಪೀಠಗಳನ್ನು ಕಟ್ಟಿಸಿದರು. ಗುರುಗಳು ಅಲ್ಲಿ ಪೂಜೆ ಮಾಡುವಾಗ ಜನ ಕಿಟಕಿಯಿಂದಲೇ ನೋಡಿ ಭಾಗವಹಿಸಿದರು. ದಿನಕ್ಕೆ ಏಳು ಸಾರಿ ಗಂಟೆ ಬಾರಿಸುತ್ತಿದ್ದರು. ಗಂಟೆ ಕೇಳಿದೊಡನೆ ಮನೆಯವರೆಲ್ಲ ಕಿಟಕಿ ಬಾಗಿಲಿಗೆ ಬಂದು ಪ್ರಾರ್ಥನಾವಳಿ ಹೇಳುವರು. ಒಬ್ಬರು ಆರಂಭಿಸಿದರೆ ಅಕ್ಕಪಕ್ಕದ ಮನೆಯವರು ಉತ್ತರ ಕೊಡುವರು. ಇಡೀ ಪಟ್ಟಣವೇ ಒಂದು ದೇವಾಲಯದ ಹಾಗೆ ಆಯಿತು.

ಅವರು ಪ್ರಾರ್ಥನೆಗೆ ಮಾತ್ರ ನಿಲ್ಲಲಿಲ್ಲ. ತಮ್ಮ ಅರಮನೆಯ ಪರದೆ, ಹಾಸುಬಟ್ಟೆಗಳನ್ನು ಕೊಟ್ಟು ಬಡವರಿಗೆ ಉಡುಪು ಹೊಲಿಸಿದರು, ರೋಗಿಗಳನ್ನು ಕಂಡು ಬಂದರು. 1610ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ಇನ್ನೊಂದು ಉದಾಹರಣೆ ಅಮೆರಿಕದ್ದು. 1918ರ ಇನ್‌ಫ್ಲುಯೆಂಜಾ ಸಮಯದಲ್ಲಿ ವಾಷಿಂಗ್ಟನ್ ನಗರದ ಚರ್ಚುಗಳನ್ನು ಅಧಿಕಾರಿಗಳು ಮುಚ್ಚಿಸಿದರು. ಕೆಲವರಿಗೆ ಸಿಟ್ಟು ಬಂತು. ಆಗ ಫ್ರಾನ್ಸಿಸ್ ಗ್ರಿಮ್ಕೆ ಎಂಬ ಪ್ರೆಸ್ಬಿಟೇರಿಯನ್ ಬೋಧಕರು ನವೆಂಬರ್ 3ರಂದು ಚರ್ಚು ಮತ್ತೆ ತೆರೆದಾಗ ಇದೇ ವಿಷಯವಾಗಿ ಪ್ರವಚನ ಮಾಡಿದರು. ಗುಂಪು ಸೇರದಿದ್ದರೆ ಅಪಾಯ ಕಡಿಮೆಯಾಗುವುದಾದರೆ ಮುನ್ನೆಚ್ಚರಿಕೆ ಸರಿಯೇ, ದೇವರಲ್ಲಿ ವಿಶ್ವಾಸ ಇದೆ ಅಂತ ಅಪಾಯಕ್ಕೆ ತಲೆಕೊಡಬೇಕಾಗಿಲ್ಲ ಎಂಬುದು ಅವರ ವಾದ. ಮನೆಯಲ್ಲಿ ಉಳಿಯುವುದು ಹೇಡಿತನ ಅಲ್ಲ. ನೆರೆಯವನ ಪ್ರಾಣ ಉಳಿಸುವುದೂ ಪರಪ್ರೀತಿಯೇ.

೪. ಭಕ್ತರ ಪ್ರಶ್ನೆಗಳಿಗೆ ಉತ್ತರ

ಭಾನುವಾರದ ಪೂಜೆ ತಪ್ಪಿದ್ದು ಪಾಪವೇ? ಅಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1248ನೇ ನಿಯಮದಲ್ಲಿ ಇದು ಸ್ಪಷ್ಟವಾಗಿದೆ. ಗುರುಗಳು ಇಲ್ಲದಿದ್ದರೆ ಅಥವಾ ಬೇರೆ ದೊಡ್ಡ ಕಾರಣಕ್ಕೆ ಪೂಜೆಗೆ ಹೋಗಲು ಸಾಧ್ಯವೇ ಇಲ್ಲದಿದ್ದರೆ, ಒಬ್ಬೊಬ್ಬರಾಗಿಯೋ ಕುಟುಂಬವಾಗಿಯೋ ಸಾಕಷ್ಟು ಹೊತ್ತು ಪ್ರಾರ್ಥನೆಯಲ್ಲಿ ಕಳೆಯಬೇಕೆಂದು ಆ ನಿಯಮ ಸಲಹೆ ಕೊಡುತ್ತದೆ.

ಹರಕೆ ತೀರಿಸಲು ಆಗದಿದ್ದರೆ? ಆಗದ ಕೆಲಸಕ್ಕೆ ದೇವರು ಲೆಕ್ಕ ಕೇಳುವುದಿಲ್ಲ. ಹರಕೆ ಹೊತ್ತವರು ಅದರ ಬದಲು ಅಷ್ಟೇ ಒಳ್ಳೆಯದಾದ ಅಥವಾ ಅದಕ್ಕಿಂತ ಮೇಲಾದ ಕಾರ್ಯವನ್ನು ತಾವೇ ಮಾಡಬಹುದು ಎಂದು 1197ನೇ ನಿಯಮ ಹೇಳುತ್ತದೆ. ಅಷ್ಟೂ ಕೈಲಾಗದಿದ್ದರೆ ಧರ್ಮಕೇಂದ್ರದ ಗುರುಗಳಲ್ಲಿ ಹೇಳಿಕೊಂಡರೆ ಸಾಕು. ತಕ್ಕ ಕಾರಣವಿದ್ದರೆ ಖಾಸಗಿ ಹರಕೆಯಿಂದ ಬಿಡುಗಡೆ ಕೊಡುವ ಅಧಿಕಾರ ಅವರಿಗಿದೆ. ಹರಕೆ ತಪ್ಪಿದ್ದಕ್ಕೇ ಮನೆಯಲ್ಲಿ ಕಾಯಿಲೆ ಬಂತು ಅಂತ ಹೆದರುವುದು ವಿಶ್ವಾಸ ಅಲ್ಲ, ಮೂಢನಂಬಿಕೆ.

ಗುರುಗಳಿಲ್ಲದೆ ಪಾಪಕ್ಷಮೆ ಹೇಗೆ? ದೇವರ ಮೇಲಿನ ಪ್ರೀತಿಯಿಂದಲೇ ಹುಟ್ಟಿದ ಪರಿಪೂರ್ಣ ಪಶ್ಚಾತ್ತಾಪ ಪಟ್ಟು, ಅವಕಾಶ ಸಿಕ್ಕ ಕೂಡಲೇ ಪಾಪನಿವೇದನೆ ಮಾಡುವೆನೆಂದು ದೃಢಮನಸ್ಸು ಮಾಡಿದರೆ ದೊಡ್ಡ ಪಾಪಗಳಿಗೂ ಕ್ಷಮೆ ದೊರೆಯುತ್ತದೆ. ಇದು ಹಿಂದಿನಿಂದ ಬಂದ ಬೋಧನೆ. 2020ರ ಮಾರ್ಚ್ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಅವರು ಇದನ್ನೇ ಮತ್ತೆ ನೆನಪಿಸಿದರು.

ತೈಲಾಭಿಷೇಕ ಇಲ್ಲದೆ ಸತ್ತವರ ಗತಿ? ಈ ಪ್ರಶ್ನೆಯೇ ಬಹಳ ಮನೆಗಳನ್ನು ಕೊರೆಯುತ್ತಿರುವುದು. 2020ರ ಮಾರ್ಚ್ 20ರಂದು ವ್ಯಾಟಿಕನ್‌ನ ಪಶ್ಚಾತ್ತಾಪ ನ್ಯಾಯಪೀಠ ಒಂದು ಆಜ್ಞಾಪತ್ರ ಹೊರಡಿಸಿತು. ಕೊನೆಯ ಸಂಸ್ಕಾರ ಪಡೆಯಲಾಗದೆ ಸಾಯುವವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ, ಅವರನ್ನು ದೇವರ ಕರುಣೆಗೆ ಒಪ್ಪಿಸುತ್ತದೆ, ಮರಣದ ಹೊತ್ತಿನಲ್ಲಿ ಪಾಪದಂಡನೆಯಿಂದ ಪೂರ್ಣ ಬಿಡುಗಡೆ ಕೊಡುತ್ತದೆ ಎಂದು ಅದರಲ್ಲಿತ್ತು. ಇದಕ್ಕೆ ಕೇಳಿದ್ದು ಇಷ್ಟೇ: ಅವರ ಮನಸ್ಸು ದೇವರ ಕಡೆ ಇರಬೇಕು, ಬದುಕಿದ್ದಾಗ ಕೆಲವು ಪ್ರಾರ್ಥನೆಗಳನ್ನಾದರೂ ಹೇಳುವ ರೂಢಿ ಇದ್ದಿರಬೇಕು. ಉಳಿದ ಷರತ್ತುಗಳನ್ನು ಧರ್ಮಸಭೆಯೇ ತುಂಬಿಕೊಡುತ್ತದೆ.

ಭಕ್ತರು ಈ ಮಾತನ್ನು ಎರಡು ಸಾರಿ ಓದಿಕೊಳ್ಳಬೇಕು. ಒಲೆ ಮುಂದೆ ಕುಳಿತು ನಮೋ ಮರಿಯಾ ಹೇಳುತ್ತಿದ್ದ ಅಜ್ಜಿ, ಮಲಗುವ ಮುಂಚೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದ ತಂದೆ, ಇವರು ಮನೆಯಲ್ಲಿ ದಿನಾ ಮಾಡಿದ ಪ್ರಾರ್ಥನೆ ಆಸ್ಪತ್ರೆಯ ಐ.ಸಿ.ಯು. ಒಳಗೂ ಅವರ ಜೊತೆಗೇ ಹೋಯಿತು. ಅಲ್ಲಿಗೆ ಮಕ್ಕಳನ್ನು ಬಿಡಲಿಲ್ಲ, ಗುರುಗಳನ್ನೂ ಬಿಡಲಿಲ್ಲ. ಆದರೂ ಅವರು ಅನಾಥರಾಗಿ ಹೋದರು ಅಂತ ತಿಳಿಯಬಾರದು.

ಶವವನ್ನು ಸುಟ್ಟಿದ್ದು ತಪ್ಪೇ? ಆ ಸಮಯದಲ್ಲಿ ಕೆಲವು ಕ್ರೈಸ್ತ ಕುಟುಂಬಗಳಿಗೂ ದಹನ ಮಾಡುವ ಸಂದರ್ಭ ಬಂತು. ಸಮಾಧಿ ಮಾಡುವುದೇ ಧರ್ಮಸಭೆಗೆ ಹೆಚ್ಚು ಇಷ್ಟ. ಆದರೆ 1963ರಿಂದ ದಹನಕ್ಕೂ ಅನುಮತಿ ಇದೆ. ಪುನರುತ್ಥಾನದ ನಂಬಿಕೆಗೆ ಅದರಿಂದ ಧಕ್ಕೆ ಇಲ್ಲ. ಬೂದಿಯನ್ನು ನೀರಿಗೆ ಬಿಡದೆ, ಮನೆಯಲ್ಲೂ ಇಟ್ಟುಕೊಳ್ಳದೆ ಸಮಾಧಿ ಸ್ಥಳದಲ್ಲಿ ಗೌರವದಿಂದ ಇಡಬೇಕು ಎಂದು 2016ರ ಸೂಚನೆ ತಿಳಿಸುತ್ತದೆ.

ಮೊಬೈಲಿನ ಪೂಜೆ ಸಾಕೇ? ಹಾಸಿಗೆ ಹಿಡಿದವರಿಗೆ, ಬಹಳ ವಯಸ್ಸಾದವರಿಗೆ ಅದು ದೊಡ್ಡ ಉಪಕಾರ. ಕಾಲು ಗಟ್ಟಿ ಇರುವವರಿಗೆ ಸಾಲದು. 2020ರ ಸೆಪ್ಟೆಂಬರ್‌ನಲ್ಲಿ ಹೊರಬಂದ ವ್ಯಾಟಿಕನ್ ಪತ್ರವೊಂದು ಯಾವ ಪ್ರಸಾರವೂ ಖುದ್ದಾಗಿ ಭಾಗವಹಿಸುವುದಕ್ಕೆ ಸಮವಲ್ಲ ಎಂದು ಖಡಾಖಂಡಿತವಾಗಿ ಹೇಳಿತು. ಊಟದ ಚಿತ್ರ ನೋಡಿದರೆ ಹೊಟ್ಟೆ ತುಂಬುತ್ತದೆಯೇ? ಪರಮಪ್ರಸಾದವೂ ಹಾಗೆಯೇ. ಕಷ್ಟಕಾಲದಲ್ಲಿ ಹಸಿದುಕೊಂಡು ಕಾದವರು, ಊಟ ಬಡಿಸಿದಾಗ ಎದ್ದು ಹೋಗಬಾರದು.

೫. ಮನೆಯ ಪ್ರಾರ್ಥನೆಯ ಕ್ರಮ

ಮುಂದೆ ಎಂದಾದರೂ ಅಂತಹ ಕಾಲ ಬಂದರೆ, ಅಥವಾ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದು ದೇವಾಲಯಕ್ಕೆ ಹೋಗಲಾಗದಿದ್ದರೆ, ಈ ಕ್ರಮ ಅನುಸರಿಸಬಹುದು. ಅರ್ಧ ಗಂಟೆ ಸಾಕು.

(1) ಜಾಗ, ಹೊತ್ತು: ಒಂದು ಶಿಲುಬೆ, ಒಂದು ಮೇಣದ ಬತ್ತಿ, ಪವಿತ್ರ ಗ್ರಂಥ. ದಿನಾ ಒಂದೇ ಹೊತ್ತು ಗೊತ್ತು ಮಾಡಿಕೊಳ್ಳುವುದು. ಟಿ.ವಿ. ಆರಿಸಿಡಬೇಕು.

(2) ಶಿಲುಬೆ ಗುರುತು, ಪಶ್ಚಾತ್ತಾಪ ಮಂತ್ರ. ಮನೆಯಲ್ಲಿ ಮನಸ್ತಾಪ ಇದ್ದವರು ಇಲ್ಲೇ ಒಬ್ಬರಿಗೊಬ್ಬರು ಕ್ಷಮೆ ಕೇಳಿಕೊಳ್ಳುವುದು ಒಳ್ಳೆಯದು.

(3) ಆ ದಿನದ ಶುಭಸಂದೇಶ. ಮಕ್ಕಳ ಕೈಯಲ್ಲಿ ಓದಿಸಬೇಕು. ಓದಿದ ಮೇಲೆ ಎರಡು ನಿಮಿಷ ಮೌನ.

(4) ಜಪಸರದ ಐದು ದಶಕ. ಸೋಮವಾರ, ಶನಿವಾರ ಸಂತೋಷದ ರಹಸ್ಯಗಳು. ಮಂಗಳವಾರ, ಶುಕ್ರವಾರ ದುಃಖದ ರಹಸ್ಯಗಳು. ಬುಧವಾರ, ಭಾನುವಾರ ಮಹಿಮೆಯ ರಹಸ್ಯಗಳು. ಗುರುವಾರ ಬೆಳಕಿನ ರಹಸ್ಯಗಳು. ಬೆಳಕಿನ ರಹಸ್ಯಗಳನ್ನು 2002ರಲ್ಲಿ ಎರಡನೇ ಜಾನ್ ಪಾಲ್ ಅವರು ಸೇರಿಸಿದರು. ಒಂದೊಂದು ದಶಕವನ್ನು ಒಬ್ಬೊಬ್ಬರು ನಡೆಸಲಿ.

(5) ಹೆಸರು ಹೇಳಿ ಪ್ರಾರ್ಥನೆ: ರೋಗಿಗಳು, ದಾದಿಯರು, ವೈದ್ಯರು, ಕೆಲಸ ಕಳೆದುಕೊಂಡವರು, ತೀರಿಕೊಂಡವರು.

(6) ಆತ್ಮಿಕ ಪ್ರಸಾದ ಸ್ವೀಕಾರ: ಪ್ರಭುವನ್ನು ಈಗ ಪ್ರಸಾದದ ರೂಪದಲ್ಲಿ ಪಡೆಯಲು ಆಗದು, ಆದ್ದರಿಂದ ಅವರೇ ಹೃದಯಕ್ಕೆ ಬರಲಿ ಎಂದು ಸ್ವಂತ ಮಾತಿನಲ್ಲಿ ಕೇಳಿಕೊಳ್ಳುವುದು. ಸಂತ ಅಲ್ಫೋನ್ಸ್ ಲಿಗೋರಿ ಅವರು ಇದಕ್ಕಾಗಿಯೇ ಬರೆದ ಪ್ರಾರ್ಥನೆ ಲೋಕದಲ್ಲೆಲ್ಲ ಬಳಕೆಯಲ್ಲಿದೆ.

(7) ಪರಲೋಕ ಮಂತ್ರ. ಹಿರಿಯರು ಕಿರಿಯರ ಹಣೆಗೆ ಶಿಲುಬೆ ಗುರುತು ಹಾಕಿ ಆಶೀರ್ವದಿಸಿ ಮುಗಿಸುವುದು.

ಪ್ರಾರ್ಥನೆ ಆದ ಮೇಲೆ ಒಂಟಿಯಾಗಿರುವ ಒಬ್ಬರಿಗೆ ಫೋನು ಮಾಡಿ "ಊಟ ಆಯ್ತಾ, ಔಷಧಿ ಇದೆಯಾ" ಅಂತ ವಿಚಾರಿಸಬೇಕು. ಇದನ್ನು ಬಿಟ್ಟರೆ ಮೇಲಿನ ಏಳೂ ಅರ್ಧಕ್ಕೇ ನಿಂತ ಹಾಗೆ.

ಚಿಂತನೆಗೆ

ಬಾಗಿಲು ಮುಚ್ಚಿದ್ದಾಗ ಮನೆಯಲ್ಲಿ ಆರಂಭವಾದ ಪ್ರಾರ್ಥನೆ ಈಗಲೂ ನಡೆಯುತ್ತಿದೆಯೇ, ನಿಂತುಹೋಗಿದೆಯೇ? ಮನೆಯ ಮಕ್ಕಳಿಗೆ ಪಶ್ಚಾತ್ತಾಪ ಮಂತ್ರ ಬಾಯಿಗೆ ಬರುತ್ತದೆಯೇ? ಆ ದಿನಗಳಲ್ಲಿ ತೀರಿಕೊಂಡವರಲ್ಲಿ ಪೂಜೆ ಮಾಡಿಸದೆ ಉಳಿದ ಹೆಸರುಗಳಿವೆಯೇ?

ಇದ್ದರೆ ಅವುಗಳನ್ನು ಒಂದು ಚೀಟಿಯಲ್ಲಿ ಬರೆದು ತಮ್ಮ ಧರ್ಮಕೇಂದ್ರದ ಗುರುಗಳಿಗೆ ಕೊಟ್ಟು ಪೂಜೆ ಮಾಡಿಸಬಹುದು. ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನ. ಅಷ್ಟರ ತನಕ ಕಾಯಬೇಕೆಂದೇನೂ ಇಲ್ಲ.