ಪಂಪ್‌ಸೆಟ್ ಮನೆಯ ಹಳೆಯ ಮೀಟರು: ಪಾಲನೆ ಮತ್ತು ದುರಸ್ತಿ



ಕಂಬಂ ಕಣಿವೆಯಿಂದ ದಿಂಡಿಗಲ್ಲಿನವರೆಗೆ ನಮ್ಮ ಸದಸ್ಯರ ಮೋಟಾರು ಮನೆಗಳಲ್ಲಿ, ಸ್ಟಾರ್ಟರಿನ ಪಕ್ಕದ ಗೂಡಿನಲ್ಲಿ, ಹಳೆಯದೊಂದು ಮುಳ್ಳಿನ ಮಲ್ಟಿಮೀಟರು ಇರುವುದು ಸಾಮಾನ್ಯ. ಕೆಲವರಲ್ಲಿ ಕೈಯಿಂದ ತಿರುಗಿಸುವ ಮೆಗ್ಗರೂ ಉಂಟು. ತಂದೆಯವರ ಕಾಲದಲ್ಲಿ ಕೊಂಡ ಈ ಸಲಕರಣೆಗಳನ್ನು ಮನೆಯಲ್ಲಿಯೇ ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಬಗೆ ಹೇಗೆ, ಯಾವ ಕೆಲಸಕ್ಕೆ ಅವನ್ನು ನಂಬಬಹುದು, ಯಾವುದಕ್ಕೆ ನಂಬಬಾರದು ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ಕಬ್ಬಿನ ಪುಟದಲ್ಲಿ ಮೀಟರಿನ ಮಾತೇಕೆ ಎಂದು ಕೇಳಬಹುದು. ನಮ್ಮ ಕಣಿವೆಗೆ ಕರೆಂಟು ಹೊಸದಲ್ಲ. ಲೋಯರ್ ಕ್ಯಾಂಪಿನ ಪೆರಿಯಾರ್ ವಿದ್ಯುದಾಗಾರ ಆರಂಭವಾದದ್ದೇ 1958ರಲ್ಲಿ. 1990ರಿಂದ ತಮಿಳುನಾಡಿನ ಎಲ್ಲ ರೈತರ ಪಂಪ್‌ಸೆಟ್‌ಗಳಿಗೂ ವಿದ್ಯುತ್ತು ಉಚಿತವಾಗಿದೆ. ಆದರೆ ವೈಂಡಿಂಗ್ ಉಚಿತವಲ್ಲ. ಮೋಟಾರು ಬಿಚ್ಚಿ ಪೇಟೆಗೆ ಸಾಗಿಸಿ, ಸುತ್ತಿಸಿ, ತಂದು ಕೂರಿಸುವುದರೊಳಗೆ ಬೇಸಗೆಯಲ್ಲಿ ಒಂದು ನೀರು ತಪ್ಪಿಹೋಗುತ್ತದೆ. ನಾಲ್ಕನೆಯ ತಿಂಗಳು ದಾಟಿ ಗಣ್ಣು ಎಳೆಯುತ್ತಿರುವ ಕಬ್ಬಿಗೆ ಆ ಒಂದು ನೀರು ತಪ್ಪಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಉತ್ತಮಪಾಳ್ಯಂ ಕಡೆಯ ಒಬ್ಬ ಸದಸ್ಯರು ಮೋಟಾರು ಸುಟ್ಟಿತೆಂದು ಬಿಚ್ಚಿ ಗಾಡಿಗೆ ಏರಿಸಿಬಿಟ್ಟಿದ್ದರು. “ಮೂರು ವೈರಿನಲ್ಲೂ ಮುಳ್ಳು ಅಲ್ಲಾಡಲಿಲ್ಲ ಸಾರ್, ವೈಂಡಿಂಗ್ ಹೋಯ್ತು” ಎಂದರು. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ ನೋಡಿ ಎಂದೆ. ಆಗಲೂ ಮುಳ್ಳು ಅಲ್ಲಾಡಲಿಲ್ಲ! ಒಳಗಿನ ಸೆಲ್ಲು ಸೋರಿ ಸ್ಪ್ರಿಂಗನ್ನು ತಿಂದುಹಾಕಿತ್ತು. ಮೋಟಾರು ಚೆನ್ನಾಗಿಯೇ ಇತ್ತು. ಹೋಗಿದ್ದದ್ದು ಒಂದು ಫೇಸಿನ ಫ್ಯೂಸು ಮಾತ್ರ. ಕೆಟ್ಟ ಮೀಟರು ಸುಮ್ಮನೆ ಕೂರುವುದಿಲ್ಲ, ಸುಳ್ಳು ಸಾಕ್ಷಿ ಹೇಳುತ್ತದೆ. ಆದುದರಿಂದ ಯಾವ ಪರೀಕ್ಷೆಗೂ ಮುಂಚೆ ಮೀಟರನ್ನೇ ಪರೀಕ್ಷಿಸತಕ್ಕದ್ದು.

ಈ ಸಲಕರಣೆಗಳ ಪೂರ್ವೋತ್ತರವನ್ನು ಎರಡು ಮಾತಿನಲ್ಲಿ ಹೇಳಬಹುದು. ವೋಲ್ಟು, ಆಂಪಿಯರು, ಓಮ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಅಳೆಯುವ ಆವೋಮೀಟರು 1923ರಲ್ಲಿ ಇಂಗ್ಲೆಂಡಿನಲ್ಲಿ ಮಾರುಕಟ್ಟೆಗೆ ಬಂತು. ಅದನ್ನು ರೂಪಿಸಿದವರು ಅಲ್ಲಿನ ಅಂಚೆ ಇಲಾಖೆಯ ಇಂಜಿನಿಯರ್ ಡೊನಾಲ್ಡ್ ಮೆಕಾಡಿ. ಅದರ 8ನೆಯ ಮಾದರಿಯ ತಯಾರಿಕೆ ನಿಂತದ್ದು 2008ರಲ್ಲಿ, ಬಿಡಿಭಾಗ ಸಿಗದೆ. ‘ಮೆಗ್ಗರ್’ ಎಂಬುದು 1903ರಲ್ಲಿ ನೋಂದಣಿಯಾದ ವ್ಯಾಪಾರದ ಹೆಸರು. ಈಗ ಅಂಥ ಎಲ್ಲ ಸಲಕರಣೆಗೂ ಅದೇ ಹೆಸರು ಹತ್ತಿದೆ.

ಸೆಲ್ಲು, ಸ್ವಿಚ್ಚು, ವೈರು

ಮುಳ್ಳಿನ ಮೀಟರಿಗೆ ವೋಲ್ಟು ಅಳೆಯಲು ಸೆಲ್ಲು ಬೇಡ. ಅಳೆಯುವ ಕರೆಂಟೇ ಮುಳ್ಳನ್ನು ಸರಿಸುತ್ತದೆ. ಸೆಲ್ಲು ಬೇಕಾಗುವುದು ಓಮ್ ಅಳೆಯಲು. ಕಡ್ಡಿಗಳನ್ನು ಜೋಡಿಸಿ ಗುಂಡಿ ತಿರುಗಿಸಿದಾಗ ಮುಳ್ಳು ಸೊನ್ನೆಗೆ ಬಾರದಿದ್ದರೆ ಸೆಲ್ಲು ಸೋತಿದೆ ಎಂದು ಮೊದಲು ಅನುಮಾನಿಸಬೇಕು. ಮೀಟರನ್ನು ಎಲ್ಲ ವೈರುಗಳಿಂದ ಬಿಡಿಸಿದ ಮೇಲೆಯೇ ಹಿಂಬದಿಯ ಮುಚ್ಚಳ ತೆರೆಯಿರಿ. ಹಸಿರು ಅಥವಾ ಬಿಳಿಯ ಹೊಪ್ಪಳೆ ಕಂಡರೆ ಸೆಲ್ಲು ಸೋರಿದೆ. ಆಲ್ಕಲೈನ್ ಸೆಲ್ಲು ಸೋರಿದ್ದರೆ ಅದು ಕ್ಷಾರ. ಹತ್ತಿಗೆ ಒಂದು ಹನಿ ನಿಂಬೆರಸ ಮುಟ್ಟಿಸಿ ಒರೆಸಿದರೆ ಬಿಡುತ್ತದೆ. ಹಳೆಯ ಸಾದಾ ಸೆಲ್ಲಿನದು ಆಮ್ಲದ ಗುಣ. ಅದಕ್ಕೆ ಅಡುಗೆ ಸೋಡದ ನೀರು. ಎರಡರ ನಂತರವೂ ಒದ್ದೆ ಹತ್ತಿಯಿಂದ ಒರೆಸಿ, ಸ್ಪಿರಿಟ್ ಹಚ್ಚಿ ಒಣಗಿಸಬೇಕು. ನೀರನ್ನು ಒಳಕ್ಕೆ ಸುರಿಯಬಾರದು, ಕೈಗೂ ಕಣ್ಣಿಗೂ ತಾಗದಂತೆ ನೋಡಿಕೊಳ್ಳಬೇಕು. ಸ್ಪ್ರಿಂಗು ತುಕ್ಕು ಹಿಡಿದು ಸವೆದಿದ್ದರೆ ಬದಲಾಯಿಸುವುದೇ ಮೇಲು.

ದೊಡ್ಡ ಆವೋಮೀಟರು ಇರುವವರಿಗೆ ಒಂದು ಮಾತು. ಅದಕ್ಕೆ ಬೇಕಾದ 15 ವೋಲ್ಟಿನ ಚಿಕ್ಕ ಬ್ಯಾಟರಿ ನಮ್ಮ ಪೇಟೆಗಳಲ್ಲಿ ಸಿಗುವುದು ಕಷ್ಟ. 3 ವೋಲ್ಟಿನ ನಾಣ್ಯದಂಥ ಸೆಲ್ಲುಗಳನ್ನು ಐದು ಒಂದರ ಮೇಲೊಂದು ಜೋಡಿಸಿ, ಸುತ್ತಲೂ ಕಾಗದದ ಕೊಳವೆ ಮಾಡಿ ಕೂರಿಸಿದರೆ ಕೆಲಸ ನಡೆಯುತ್ತದೆ. ಈ ಸೆಲ್ಲುಗಳು ಮಕ್ಕಳ ಬಾಯಿಗೆ ಹೋದರೆ ಪ್ರಾಣಕ್ಕೇ ಅಪಾಯ, ಹಳೆಯದನ್ನು ಎಲ್ಲೆಂದರಲ್ಲಿ ಎಸೆಯದಿರಿ.

ತಿರುಗುಸ್ವಿಚ್ಚು ಕೊಳೆಯಾದಾಗ ಮುಳ್ಳು ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಸಂಪರ್ಕ ಶುಚಿಗೊಳಿಸುವ ಸ್ಪ್ರೇಯನ್ನು ಸ್ವಲ್ಪವೇ ಹೊಡೆದು ಇಪ್ಪತ್ತು ಮೂವತ್ತು ಸಲ ತಿರುಗಿಸಿದರೆ ಬಹಳಷ್ಟು ಮೀಟರುಗಳು ಸರಿಹೋಗುತ್ತವೆ. ಸೀಮೆಎಣ್ಣೆ, ಹೊಲಿಗೆಯಂತ್ರದ ಎಣ್ಣೆ ಬೇಡವೇ ಬೇಡ. ಎಣ್ಣೆ ಧೂಳನ್ನು ಹಿಡಿದು ಎರಡು ವರ್ಷದಲ್ಲಿ ಮೊದಲಿಗಿಂತ ಕೆಡಿಸುತ್ತದೆ.

ನಮ್ಮಲ್ಲಿ ಅತಿ ಹೆಚ್ಚು ಮೋಸ ಮಾಡುವುದು ಕಡ್ಡಿಯ ವೈರು. ಹೊರಗೆ ನೋಡಿದರೆ ನೆಟ್ಟಗೆ, ಒಳಗೆ ತಾಮ್ರ ತುಂಡಾಗಿರುತ್ತದೆ; ಇಲ್ಲವೇ ಇಲಿ ಕಡಿದಿರುತ್ತದೆ. ಓಮ್ ಸ್ಥಾನದಲ್ಲಿ ಕಡ್ಡಿಗಳನ್ನು ಜೋಡಿಸಿ ಹಿಡಿದು ವೈರನ್ನು ಉದ್ದಕ್ಕೂ ಬಾಗಿಸುತ್ತಾ ಬನ್ನಿ. ಮುಳ್ಳು ನಡುಗಿದರೆ ಆ ವೈರು ಬಿಸಾಡತಕ್ಕದ್ದೇ. ಟೇಪು ಸುತ್ತಿ ಉಳಿಸುವ ಜಿಪುಣತನ ಇಲ್ಲಿ ಸಲ್ಲದು. ಹಾಗೆಯೇ ಒಳಗಿನ ಫ್ಯೂಸು ಹೋದರೆ ಅದೇ ಆಂಪಿಯರಿನ, ಅದೇ ಬಗೆಯ ಫ್ಯೂಸು ಹಾಕಬೇಕೇ ಹೊರತು ವೈರಿನ ಎಳೆ ಕಟ್ಟಬಾರದು.

ಮುಳ್ಳು ಸರಿಯಾಗಿ ಹೇಳುತ್ತಿದೆಯೇ?

ಏನನ್ನೂ ಜೋಡಿಸದಿರುವಾಗ ಮುಳ್ಳು ಸೊನ್ನೆಯಲ್ಲಿ ಇರಬೇಕು. ಇಲ್ಲದಿದ್ದರೆ ಮುಖದ ಮೇಲಿನ ಚಿಕ್ಕ ತಿರುಪನ್ನು ಮೆಲ್ಲಗೆ ಸರಿಸಿ ಹೊಂದಿಸಿ. ಮಲಗಿಸಿ ಬಳಸುವ ಮೀಟರನ್ನು ಮಲಗಿಸಿಯೇ ಹೊಂದಿಸಬೇಕು. ಆಡಿ ತಿಂಗಳ ಗಾಳಿಯ ಕಾಲದಲ್ಲಿ ಪ್ಲಾಸ್ಟಿಕ್ ಮುಚ್ಚಳವನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಮುಳ್ಳು ಅದಕ್ಕೆ ಸೆಳೆದುಕೊಂಡು ನಡುವೆಯೇ ನಿಂತುಬಿಡುವುದುಂಟು. ಮೀಟರು ಕೆಟ್ಟಿತೆಂದು ಗಾಬರಿ ಬೇಡ, ಅದು ಉಜ್ಜಿದ್ದರಿಂದ ಹುಟ್ಟಿದ ವಿದ್ಯುತ್ತು. ಬಟ್ಟೆಗೆ ಒಂದು ಹನಿ ಸೋಪಿನ ನೀರು ತಾಗಿಸಿ ಸವರಿದರೆ ಬಿಟ್ಟುಹೋಗುತ್ತದೆ.

ಆಮೇಲೆ ಗೊತ್ತಿರುವ ವಸ್ತುವನ್ನು ಅಳೆದು ನೋಡಬೇಕು. ಹೊಸ ಟಾರ್ಚ್ ಸೆಲ್ಲು ಒಂದೂವರೆ ವೋಲ್ಟಿಗೆ ತುಸು ಮೇಲೆ ತೋರಿಸಬೇಕು. ಚಾರ್ಜು ತುಂಬಿ ಕೆಲವು ತಾಸು ಸುಮ್ಮನಿದ್ದ ಟ್ರಾಕ್ಟರ್ ಬ್ಯಾಟರಿ 12.6 ವೋಲ್ಟಿನ ಆಸುಪಾಸು. ಎರಡರಲ್ಲೂ ಕಡಿಮೆ ತೋರಿಸಿದರೆ ಒಳಗಿನ ಕಾರ್ಬನ್ ರೆಸಿಸ್ಟರುಗಳು ವಯಸ್ಸಾಗಿ ಏರಿರಬಹುದು. ಅವು ಏರಿದಷ್ಟೂ ಮುಳ್ಳಿಗೆ ಹೋಗುವ ಕರೆಂಟು ಇಳಿದು, ವೋಲ್ಟು ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಬೆಸುಗೆ ಕೈಹಿಡಿದವರು ಅದೇ ಬೆಲೆಯ, ಶೇಕಡಾ 1ರ ನಿಖರತೆಯ ಮೆಟಲ್ ಫಿಲಂ ರೆಸಿಸ್ಟರು ಹಾಕಬಹುದು. ಆದರೆ ಅಷ್ಟೇ ವೋಲ್ಟು ತಾಳುವಂಥದ್ದೇ ಆಗಿರಬೇಕು. ಡಿಸಿ ಸರಿಯಾಗಿದ್ದು ಎಸಿ ಮಾತ್ರ ತಪ್ಪಾದರೆ ರೆಕ್ಟಿಫೈಯರ್ ಕಡೆ ನೋಡಿ. ಅಯಸ್ಕಾಂತ, ಸುರುಳಿ, ಕೂದಲಿನಂಥ ಸ್ಪ್ರಿಂಗುಗಳ ತಂಟೆಗೆ ಮಾತ್ರ ಹೋಗಬಾರದು. ಅಯಸ್ಕಾಂತವನ್ನು ಬಿಚ್ಚಿ ತೆಗೆದರೆ ಅದರ ಬಲವೇ ಕುಂದಿ ಮೀಟರು ಶಾಶ್ವತವಾಗಿ ತಪ್ಪು ಹೇಳುತ್ತದೆ.

ಮೆಗ್ಗರ್

ಮಲ್ಟಿಮೀಟರು ಒಂದೆರಡು ಸೆಲ್ಲಿನ ಬಲದಿಂದ ನೋಡುತ್ತದೆ. 415 ವೋಲ್ಟಿಗೆ ಸೋರುವ ಇನ್ಸುಲೇಷನ್ ಅದಕ್ಕೆ ಕಾಣುವುದಿಲ್ಲ. ವೈಂಡಿಂಗಿನೊಳಗೆ ನಾಲ್ಕು ಸುತ್ತು ಒಂದಕ್ಕೊಂದು ಸೇರಿದ್ದರೂ ಅದಕ್ಕೆ ತಿಳಿಯದು. ಮೂರೂ ವೈಂಡಿಂಗ್ ತುಂಡಾಗಿಲ್ಲ, ಸುಮಾರು ಒಂದೇ ಸಮ ಇವೆ ಎಂಬಷ್ಟೇ ಅದರಿಂದ ಸಿಗುವ ಸಾಕ್ಷಿ. ಉಳಿದದ್ದಕ್ಕೆ 500 ವೋಲ್ಟಿನ ಮೆಗ್ಗರ್ ಬೇಕು.

ಹಳೆಯ ಕೈಮೆಗ್ಗರಿನ ಮುಳ್ಳು ತಿರುಗಿಸದಿರುವಾಗ ಎಲ್ಲಿ ಬೇಕಾದರೂ ನಿಂತಿರುತ್ತದೆ. ಅದಕ್ಕೆ ಹಿಂದಕ್ಕೆಳೆಯುವ ಸ್ಪ್ರಿಂಗೇ ಇಲ್ಲ. ಇದನ್ನು ಅರಿಯದೆ ಎಷ್ಟೋ ಒಳ್ಳೆಯ ಮೆಗ್ಗರುಗಳು ಗುಜರಿಗೆ ಹೋಗಿವೆ! ವೈರುಗಳನ್ನು ಬೇರೆಯಾಗಿಟ್ಟು ತಿರುಗಿಸಿದರೆ ಮುಳ್ಳು ಅನಂತಕ್ಕೆ ಹೋಗಬೇಕು. ಅವನ್ನು ಜೋಡಿಸಿ ಮೆಲ್ಲಗೆ ತಿರುಗಿಸಿದರೆ ಸೊನ್ನೆಗೆ ಬರಬೇಕು. ಅಷ್ಟು ಬಂದರೆ ನಿಮ್ಮ ಮೆಗ್ಗರ್ ಸರಿಯಿದೆ. ತಿರುಗಿಸುವಾಗ ತುದಿಗಳನ್ನು ಮುಟ್ಟಬಾರದು. ಸ್ಟಾರ್ಟರ್, ಕೆಪಾಸಿಟರ್, ಮೊಬೈಲಿನಿಂದ ಓಡಿಸುವ ಪೆಟ್ಟಿಗೆ ಇವನ್ನೆಲ್ಲ ಬಿಡಿಸಿಯೇ ಮೋಟಾರಿಗೆ ಹಿಡಿಯಬೇಕು. ವೈಂಡಿಂಗಿಗೂ ಅರ್ತಿಗೂ ನಡುವೆ 1 ಮೆಗಾಓಮಿಗಿಂತ ಕೆಳಗೆ ಬಂದರೆ ಮೋಟಾರು ಹಾಕಬೇಡಿ. ಮಳೆ ನೆನೆದ ಮೋಟಾರಾದರೆ ಸುತ್ತಿಸಲು ಅವಸರಪಡದೆ, ಬಲ್ಬಿನ ಕಾವಿನಲ್ಲಿ ಒಂದೆರಡು ದಿನ ಒಣಗಿಸಿ ಮತ್ತೆ ಅಳೆಯಿರಿ. ಬಹಳ ಸಲ ಏರುತ್ತದೆ.

ಜೀವಂತ ಲೈನಿಗೆ ಹಳೆಯ ಮೀಟರು ಬೇಡ

ಮೇಲಿನದೆಲ್ಲ ಕರೆಂಟು ತೆಗೆದ ಮೋಟಾರು, ವೈರು, ಬ್ಯಾಟರಿಗಳ ಮಾತು. ಲೈನಿನಲ್ಲಿ ಕರೆಂಟು ಇದೆಯೇ ಎಂದು ನೋಡಲು ಹಳೆಯ ಮೀಟರನ್ನು, ಅದು ಎಷ್ಟೇ ಚೆನ್ನಾಗಿ ದುರಸ್ತಿಯಾಗಿದ್ದರೂ, ಬಳಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ತಪ್ಪು ಸ್ಥಾನದಲ್ಲಿ ಮೂರು ಫೇಸಿಗೆ ಹಿಡಿದರೆ ಅದು ಕೈಯಲ್ಲೇ ಸಿಡಿಯಬಹುದು. ವೈರು ಒಳಗೆ ತುಂಡಾಗಿದ್ದರೆ ಜೀವಂತ ಲೈನಿಗೂ ಸೊನ್ನೆ ತೋರಿಸುತ್ತದೆ. ಆ ಸೊನ್ನೆಯನ್ನು ನಂಬಿ ಕೈಯಿಟ್ಟವರ ಗತಿಯನ್ನು ಬರೆಯುವುದು ಬೇಡ. ‘ಕ್ಯಾಟ್’ ಎಂದು ಬರೆದು ಪಕ್ಕದಲ್ಲಿ ರೋಮನ್ ಅಂಕಿಯಲ್ಲಿ ಮೂರು, ಮುಂದೆ 600 ವೋಲ್ಟ್ ಎಂದು ಗುರುತಿರುವ ಹೊಸ ಮೀಟರನ್ನು ಈ ಕೆಲಸಕ್ಕೆಂದೇ ಇಟ್ಟುಕೊಳ್ಳಿ. ಅದನ್ನೂ ಮೂರು ಸಲ ಹಿಡಿಯಬೇಕು: ಮೊದಲು ಕರೆಂಟು ಇದೆಯೆಂದು ಗೊತ್ತಿರುವ ಕಡೆ, ಆಮೇಲೆ ನೀವು ಮುಟ್ಟಬೇಕಾದ ಕಡೆ, ತಿರುಗಿ ಮೊದಲಿನ ಕಡೆ. ಮೊದಲೂ ಕೊನೆಯೂ ಕರೆಂಟು ತೋರಿಸಿದರೆ ಮಾತ್ರ ನಡುವಿನ ಸೊನ್ನೆ ನಿಜವಾದ ಸೊನ್ನೆ. ಆಮೇಲೂ ಮೇನ್ ಇಳಿಸಿ, ಫ್ಯೂಸು ಕಟ್ಟೆಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡೇ ಕೆಲಸಕ್ಕೆ ಕೂರಬೇಕು.

ಮೀಟರನ್ನು ಬಳಸದ ತಿಂಗಳುಗಳಲ್ಲಿ ಸೆಲ್ಲು ತೆಗೆದಿಡಿ. ಹಾಕಿದ ತಾರೀಖನ್ನು ಸೆಲ್ಲಿನ ಮೇಲೆ ಬರೆದಿಡಿ. ಬೈಕಿನಲ್ಲಿ ಒಯ್ಯುವಾಗ ಸ್ವಿಚ್ಚು ‘ಆಫ್’ನಲ್ಲಿರಲಿ, ಹಲವು ಮೀಟರುಗಳಲ್ಲಿ ಆ ಸ್ಥಾನವು ಮುಳ್ಳಿನ ಕುಲುಕಾಟವನ್ನು ತಡೆಯುತ್ತದೆ. ಕಟಿಂಗ್ ಆರ್ಡರಿಗೆಂದು ವಿಭಾಗ ಕಚೇರಿಗೆ ಬರುವವರು ತಮ್ಮ ಮೀಟರನ್ನೂ ಜೊತೆಗೆ ತಂದರೆ, ಅಲ್ಲಿರುವ ಒಳ್ಳೆಯ ಮೀಟರಿನೊಡನೆ ಹೋಲಿಸಿ ಎಷ್ಟು ವ್ಯತ್ಯಾಸವಿದೆಯೆಂದು ಚೀಟಿ ಅಂಟಿಸಿ ಕೊಡಲಾಗುವುದು.

ಕಬ್ಬು ಅಭಿವೃದ್ಧಿ ಅಧಿಕಾರಿ