ಹತ್ತು ತುಂಬುವ ಮೊದಲೇ ಮಾತಾಡಿ

ಹೈದರಾಬಾದಿನ ಸನತ್‌ನಗರದಲ್ಲಿ ನೆಲೆಸಿರುವ ಕನ್ನಡದ ಕ್ರೈಸ್ತ ಅಪ್ಪ-ಅಮ್ಮಂದಿರೇ, ಟಿವಿಯಲ್ಲಿ ಪ್ಯಾಡ್ ಜಾಹೀರಾತು ಬಂದಾಗ ರಿಮೋಟಿಗೆ ಕೈ ಹಾಕಬೇಡಿ. ಪಕ್ಕದಲ್ಲಿ ಕೂತ ಒಂಬತ್ತು ವರ್ಷದ ಮಗಳು "ಅಮ್ಮಾ, ಇದು ಯಾತಕ್ಕೆ?" ಅಂದರೆ, ಮಾತು ಶುರುಮಾಡಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷ್. ಅರ್ಧಂಬರ್ಧ ಸುದ್ದಿ ಮೂರೂ ಕಡೆಯಿಂದ ಮಕ್ಕಳ ಕಿವಿಗೆ ಬೀಳುತ್ತಲೇ ಇರುತ್ತದೆ.

ಸಾಮಾನ್ಯವಾಗಿ ಹುಡುಗಿಯರಲ್ಲಿ 8ರಿಂದ 13, ಹುಡುಗರಲ್ಲಿ 9ರಿಂದ 14 ವರ್ಷದೊಳಗೆ ದೇಹ ಬದಲಾಗತೊಡಗುತ್ತದೆ. ಮುಟ್ಟಾಗುವ ಮೊದಲೇ ಮಗಳಿಗೂ, ನಿದ್ದೆಯಲ್ಲಿ ವೀರ್ಯ ಹೋಗುವ ಮೊದಲೇ ಮಗನಿಗೂ ಎಲ್ಲ ತಿಳಿದಿರಬೇಕು. ಇಲ್ಲವಾದರೆ ರೋಗವೋ ಪಾಪವೋ ಎಂದು ಮಗು ಒಳಗೊಳಗೇ ಹೆದರುತ್ತದೆ.

ಚರ್ಚು ಒಪ್ಪುತ್ತದೆಯೇ ಎಂಬ ಅಳುಕು ಬೇಡ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಮಕ್ಕಳಿಗೆ ವಯಸ್ಸಿಗೆ ತಕ್ಕ ಲೈಂಗಿಕ ಶಿಕ್ಷಣ ಬೇಕೆಂದಿತು. ಪೋಪ್ ಫ್ರಾನ್ಸಿಸ್ 2016ರಲ್ಲಿ ಕುಟುಂಬದ ಬಗ್ಗೆ ಬರೆದ ಪ್ರಬೋಧನೆಯಲ್ಲೂ ಅದಕ್ಕೊಂದು ಭಾಗವಿದೆ. ದೇಹ ದೇವರ ಸೃಷ್ಟಿ, ಗಂಡಹೆಂಡಿರ ಕೂಡುವಿಕೆಯಿಂದ ಮಗು ಹುಟ್ಟುತ್ತದೆ ಎಂದು ನೇರವಾಗಿ ಹೇಳಿ. ಸಂಯಮದ ಮಾತೂ ಇರಲಿ, ನರಕದ ಭಯ ಬೇಡ. ಹೆದರಿದ ಮಗು ಮುಂದೆ ಫೋನನ್ನು ಕೇಳುತ್ತದೆ, ನಿಮ್ಮನ್ನಲ್ಲ.

ಗುಪ್ತಾಂಗ ಮುಟ್ಟಿ "ಯಾರಿಗೂ ಹೇಳಬೇಡ" ಎನ್ನುವವರು ನೆಂಟರಾಗಲಿ, ಟ್ಯೂಷನ್ ಮೇಷ್ಟ್ರಾಗಲಿ, ಚರ್ಚಿನವರೇ ಆಗಲಿ, ಮಗು ನಿಮ್ಮ ಹತ್ತಿರ ಹೇಳುವಂತಿರಬೇಕು. ಹೇಳಿದರೆ ಮೊದಲು ನಂಬಿ. 2012ರ ಪೋಕ್ಸೊ ಕಾಯ್ದೆ 18 ತುಂಬದ ಎಲ್ಲರಿಗೂ, ಗಂಡುಮಕ್ಕಳಿಗೂ, ರಕ್ಷಣೆ ಕೊಡುತ್ತದೆ. ಮಕ್ಕಳ ಸಹಾಯವಾಣಿ 1098. ಈ ಸಂಖ್ಯೆಯನ್ನು ಮಕ್ಕಳಿಗೆ ಇವತ್ತೇ ಬಾಯಿಪಾಠ ಮಾಡಿಸಿ.